ಲಜಾರ್ ಹೊತ್ತಿಸಿದ ಒಲೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನಾಲ್ಕು ಹತ್ತಿಯ ಉಂಡೆ.

ಎದುರು ಮನೆಯ ಚಿಮಣಿಯ ಮೇಲೆ ಗೂಡು ಕಟ್ಟಿಕೊಂಡಿದ್ದ ಕೊಕ್ಕರೆ ದಂಪತಿಗೆ ಮೇ ತಿಂಗಳು ಬಂತೆಂದರೆ ಹೊತ್ತುಗೊತ್ತಿನ ಪರಿವೆ ಇರುತ್ತಿರಲಿಲ್ಲ. ಯಾರೋ ಮುದುಕರು ಹಲ್ಲಿನ ಸೆಟ್ಟನ್ನು ತಗಡಿನ ಡಬ್ಬಿಗೆ ಹಾಕಿ ಕುಲುಕಿದ ಹಾಗೆ ಕೊಕ್ಕು ಕಟಕಟಿಸುತ್ತಲೇ ಇರುತ್ತಿದ್ದವು. ಗುರುವಾರ ಮಲಗುವ ಮುಂಚೆ ಲಜಾರ್ ವೊರ್ಮ್ಸರ್ ಎರಡೂ ಕಿವಿಗೆ ಹತ್ತಿ ತುರುಕಿಕೊಂಡರು. ಹೆಂಡತಿ ಫ್ಲೋರೆಟ್‌ಗೂ ಕೊಟ್ಟರು. ಮದುವೆಯಾದ ನಲವತ್ತು ವರ್ಷಗಳಲ್ಲಿ ಇಬ್ಬರೂ ಅಷ್ಟು ಸುಖವಾಗಿ ಮಲಗಿದ್ದೇ ಇಲ್ಲ. ನಾಲ್ಕು ಗಂಟೆಗೆ ಅಲಾರಾಂ ಹೊಡೆದುಕೊಂಡಿತು. ಹೊಡೆದುಕೊಂಡು ಹೊಡೆದುಕೊಂಡು ಸುಸ್ತಾಗಿ ಸುಮ್ಮನಾಯಿತು. ಲಜಾರ್ ಕಣ್ಣು ಬಿಟ್ಟಾಗ ಗಡಿಯಾರ ಆರೂವರೆ ತೋರಿಸುತ್ತಿತ್ತು.

"ಫ್ಲೋರೆಟ್! ಒಲೆ! ಒಲೆ!" ಎಂದು ಅರಚುತ್ತ ಹೆಂಡತಿಯ ಭುಜ ಅಲ್ಲಾಡಿಸಿದರು.

ಫ್ಲೋರೆಟ್ ಕಿವಿಯ ಹತ್ತಿ ಕಿತ್ತು ಗಾಬರಿಯಿಂದ ಎದ್ದು ಕೂತರು. "ಎಲ್ರೀ? ಏನು ಹತ್ಕೊಂಡಿತು?"

"ಹತ್ಕೊಂಡಿಲ್ಲ ಕಣೇ! ಅದೇ ಗ್ರಹಚಾರ!"

ಅದು ಅವರ ಮನೆಯ ಒಲೆಯಲ್ಲ, ಮದಾಂ ಝೆಲರ್ ಬೇಕರಿಯ ಒಲೆ. ಅವರ ಊರಾದ ಕೋಲ್ಮಾರಿನಲ್ಲಿ ಯಹೂದಿಗಳದೇ ಆದ ಬೇಕರಿ ಇಲ್ಲ. ಮದಾಂ ಝೆಲರ್ ಕ್ರೈಸ್ತ ಹೆಂಗಸು. ಆದರೆ ಅವರ ಹಿಟ್ಟು, ಎಣ್ಣೆ, ಮೊಟ್ಟೆ, ತಟ್ಟೆ ಎಲ್ಲವೂ ಯಹೂದಿ ಶಾಸ್ತ್ರದ ಪ್ರಕಾರ ಪರೀಕ್ಷೆಯಾಗಿ ಒಪ್ಪಿಗೆಯಾಗಿ ಹನ್ನೊಂದು ವರ್ಷವಾಗಿತ್ತು. ಉಳಿದದ್ದು ಬೆಂಕಿಯ ವಿಷಯ. ತೀರ ಮಡಿವಂತರಾದ ಯಹೂದಿಗಳು ಬೇರೆಯವರು ಹೊತ್ತಿಸಿದ ಒಲೆಯ ಬ್ರೆಡ್ಡನ್ನು ಮುಟ್ಟುವುದಿಲ್ಲ. ಹೊತ್ತಿಸುವಾಗ ಒಂದು ಯಹೂದಿ ಕೈ ತಗುಲಿದರೆ ಸಾಕು, ಆಮೇಲೆ ಯಾರು ಬೇಯಿಸಿದರೂ ನಡೆಯುತ್ತದೆ. ಆ ಕೈ ಲಜಾರ್ ಅವರದು. ಕನ್ನಡಕದ ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮರುದಿನದಿಂದಲೇ ಅವರು ಈ ಕೆಲಸ ಹಿಡಿದಿದ್ದರು. ಬೆಂಕಿ ಮುಟ್ಟಬಾರದ ಶಬ್ಬಾತ್ ಎಂಬ ವಿಶ್ರಾಂತಿಯ ದಿನವಾದ ಶನಿವಾರವೊಂದು ಬಿಟ್ಟು ದಿನಾ ಬೆಳಗಿನ ನಾಲ್ಕೂವರೆಗೆ ಹೋಗುವುದು, ಹಸಿರು ಗುಂಡಿ ಒತ್ತುವುದು, ಒಲೆಯ ಗಾಜಿನ ಕಿಂಡಿಯಲ್ಲಿ ಕಿತ್ತಳೆ ಬೆಳಕು ಮೂಡಿದ್ದನ್ನು ಕಣ್ಣಾರೆ ನೋಡಿ ಮನೆಗೆ ಬರುವುದು. ಮಳೆಗೆ ಹೆದರಲಿಲ್ಲ, ಹಿಮಕ್ಕೆ ಹೆದರಲಿಲ್ಲ, ಸೊಂಟನೋವಿಗೂ ಜಗ್ಗಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಲಜಾರ್ ಅದನ್ನು ಬರವಣಿಗೆಯಲ್ಲೂ ಇಟ್ಟಿದ್ದರು. 'ಕೋಲ್ಮಾರಿಗೆ ಬರುವ ಯಹೂದಿ ಪ್ರವಾಸಿಗರಿಗೆ ಸಲಹೆಗಳು' ಎಂಬ ಒಂಬತ್ತು ಪುಟದ ಕೈಪಿಡಿ ಅವರದೇ ರಚನೆ. ಯಾವ ಹೋಟೆಲಿನ ಬಾಗಿಲು ವಿದ್ಯುತ್ತಿನಿಂದ ತಾನೇ ತೆರೆದುಕೊಂಡು, ವಿದ್ಯುತ್ ಬಳಸಬಾರದ ಶಬ್ಬಾತ್ ದಿನ ಮುಜುಗರ ತರುತ್ತದೆ, ಯಾವ ಹೋಟೆಲಿನಲ್ಲಿ ಈಗಲೂ ಕಬ್ಬಿಣದ ಬೀಗದ ಕೈ ಕೊಡುತ್ತಾರೆ, ಈರುಳ್ಳಿ ಕಡುಬು ಎಂದು ಬರೆದುಕೊಂಡಿದ್ದರೂ ಯಾವ ಅಂಗಡಿಯದರಲ್ಲಿ ಹಂದಿಯ ಚೂರು ಅಡಗಿ ಕೂತಿರುತ್ತದೆ, ಯಾವ ಬೀದಿಯ ಕಲ್ಲುಹಾಸಿನಲ್ಲಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಸಿಕ್ಕಿಕೊಳ್ಳುತ್ತದೆ, ಎಲ್ಲವೂ ಅದರಲ್ಲಿತ್ತು. ಏಳನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ: 'ಝೆಲರ್ ಬೇಕರಿಯ ಒಲೆಯನ್ನು ಪ್ರತಿದಿನವೂ ಯಹೂದಿ ಕೈಯೇ ಹೊತ್ತಿಸುತ್ತದೆ.' ಆ 'ಪ್ರತಿದಿನವೂ' ಎಂಬ ಮಾತಿನ ಪಕ್ಕದಲ್ಲಿ 'ಶನಿವಾರ ಹೊರತು' ಎಂದು ಸೇರಿಸಲೋ ಬೇಡವೋ ಎಂದು ಲಜಾರ್ ಮೂರು ವಾರ ನಿದ್ದೆಗೆಟ್ಟಿದ್ದರು. ಕೊನೆಗೆ ಸೇರಿಸಿದರು.

ಆ ಒಂದು ಸಾಲನ್ನು ನಂಬಿಕೊಂಡು ಆಂಟ್‌ವರ್ಪ್‌ನಿಂದ ಮೂವತ್ತಾರು ಜನ ಬಂದು ಕಾಲುವೆ ಪಕ್ಕದ ಹೋಟೆಲಿನಲ್ಲಿ ಇಳಿದಿದ್ದರು. ಅವರ ಮುಂದಾಳು ಮದಾಂ ಪೆರೆಲ್ಸ್ ಪತ್ರದಲ್ಲೇ ಹೇಳಿದ್ದರು: 'ಬೇರೆ ಊರಿಗೆ ಹೋಗುವುದೆಂದಿದ್ದೆವು. ನಿಮ್ಮ ಏಳನೆಯ ಪುಟ ಓದಿ ಮನಸ್ಸು ಬದಲಾಯಿಸಿದೆವು.' ಅವರ ಶಬ್ಬಾತ್ ಊಟಕ್ಕೆಂದು ಜಡೆಯಂತೆ ಹೆಣೆದ ನಲವತ್ತು ಬ್ರೆಡ್ಡು ಇವತ್ತು ಬೆಳಿಗ್ಗೆಯೇ ಝೆಲರ್ ಬೇಕರಿಯಿಂದ ಹೋಗಬೇಕಾಗಿತ್ತು.

ಲಜಾರ್ ರಾತ್ರಿ ಅಂಗಿಯ ಮೇಲೇ ಕೋಟು ಹಾಕಿಕೊಂಡು ಓಡಿದರು. ಬೇಕರಿ ತಲುಪಿದಾಗ ಏಳಕ್ಕೆ ಹತ್ತು ನಿಮಿಷ. ಮದಾಂ ಝೆಲರ್ ಗಲ್ಲಾದ ಹಿಂದೆ ಕೆಂಪು ಮುಖದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಒಲೆಯ ಕೋಣೆಯ ಮೇಲೇ ಅವರ ಮಲಗುವ ಕೋಣೆ. ಬೆವರದೆ ಇದ್ದ ಅವರನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

"ಬ್ರೆಡ್ಡು?" ಎಂದರು ಲಜಾರ್, ಏದುಸಿರು ಬಿಡುತ್ತ.

"ಆಗ್ಲೇ ಹೋಯ್ತಲ್ಲ, ಮೊಸಿಯೆ ವೊರ್ಮ್ಸರ್. ಆರೂವರೆಗೇ ವ್ಯಾನ್ ಹತ್ತಿಸ್ದೆ. ನೀವು ಬರ್ಲಿಲ್ಲ ಅಂತ ಕಾದ್ರೆ ಹಿಟ್ಟು ಕಾಯುತ್ತಾ?"

"ನಾನು ಬರದೇನೆ ಬೇಯಿಸಿಬಿಟ್ರಾ!"

"ಅದಕ್ಕೇನಾಯ್ತೀಗ? ಆ ಬ್ರೆಡ್ಡಿಗೆ ಏನೂ ಆಗಿಲ್ಲ. ನೀವು ಸುಮ್ನೆ ಒದ್ದಾಡ್ಬೇಡಿ. ಕೂತ್ಕೊಳ್ಳಿ, ಒಂದು ಮಾತು ಹೇಳ್ಬೇಕು..."

"ಮದಾಂ," ಎಂದರು ಲಜಾರ್, ಮಗುವಿಗೆ ಹೇಳುವ ಹಾಗೆ, "ತಪ್ಪು ತಿಳ್ಕೋಬೇಡಿ. ಇದು ನಮ್ಮ ಶಾಸ್ತ್ರದ ವಿಷಯ. ನಿಮಗೆ ಇದೆಲ್ಲ ಗೊತ್ತಾಗೋದಿಲ್ಲ."

ಮದಾಂ ಝೆಲರ್ ತೆರೆದ ಬಾಯಿ ಮುಚ್ಚಿದರು. "ಆಯ್ತಪ್ಪ," ಎಂದರು. "ನೀವೇ ಬಲ್ಲೋರು."

ಲಜಾರ್ ಒಲೆಯ ಕೋಣೆಗೆ ನುಗ್ಗಿದರು. ತಮ್ಮ ಕೈ ಸೋಕದ ಬೆಂಕಿ ಒಳಗೆ ನಿಶ್ಚಿಂತೆಯಿಂದ ಉರಿಯುತ್ತಿತ್ತು. ಅದರ ಒಂದು ಕಿಡಿಯೂ ಉಳಿಯಬಾರದೆಂದು, ಗೋಡೆಯ ಮೇಲಿದ್ದ ದೊಡ್ಡ ಕರಿ ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆಳೆದರು. ಒಲೆ ನಿಟ್ಟುಸಿರು ಬಿಟ್ಟು ಆರಿತು. ಆಮೇಲೆ, ಒಂದು ಸಣ್ಣ ಪ್ರಾರ್ಥನೆ ಹೇಳಿಕೊಂಡು, ಹನ್ನೊಂದು ವರ್ಷದಿಂದ ಮಾಡಿದ ಹಾಗೇ ಹಸಿರು ಗುಂಡಿ ಒತ್ತಿದರು. ಕಿಂಡಿಯಲ್ಲಿ ಕಿತ್ತಳೆ ಬೆಳಕು ಮೂಡಿತು. ಎದೆ ಹಗುರವಾಯಿತು.

"ಮದಾಂ, ಇನ್ನೊಂದು ನಲವತ್ತು ಬೇಯಿಸಿ! ಈಗ ಒಲೆ ಸರಿಯಾಗಿದೆ!" ಎಂದು ಕೂಗಿ, ಉತ್ತರಕ್ಕೂ ನಿಲ್ಲದೆ ಹೋಟೆಲಿನ ಕಡೆ ಓಡಿದರು.

ಹೋಟೆಲಿನ ಹಜಾರದಲ್ಲಿ ಮದಾಂ ಪೆರೆಲ್ಸ್ ಕೂತಿದ್ದರು. ಎಂಟು ವರ್ಷ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಈಗಲೂ ಎದುರಿಗೆ ಬಂದವರು ಉಗುರು ತೋರಿಸಬೇಕೇನೋ ಅನ್ನಿಸುವ ಹಾಗೆ ನೋಡುತ್ತಿದ್ದರು. ತೊಡೆಯ ಮೇಲೆ ಲಜಾರ್ ಅವರ ಒಂಬತ್ತು ಪುಟ, ಅಲ್ಲಲ್ಲಿ ಕೆಂಪು ಗೆರೆ.

"ನೀವೇ ಮೊಸಿಯೆ ವೊರ್ಮ್ಸರ್? ಬಹಳ ಒಳ್ಳೆ ಕೆಲಸ ಮಾಡಿದೀರಿ. ಬ್ರೆಡ್ಡು ಬಂತು. ಏನು ಘಮ!"

ಸುಳ್ಳು ಹೇಳಬೇಕೆಂದು ಲಜಾರ್ ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದರು. ಗಸಗಸೆ ಕಡಿಮೆಯಾಗಿದೆ ಎನ್ನಬೇಕು, ಉಪ್ಪು ಜಾಸ್ತಿಯಾಗಿದೆ ಎನ್ನಬೇಕು. ಆದರೆ ಆ ಕಣ್ಣುಗಳ ಮುಂದೆ ನಾಲಿಗೆ ಏಳಲಿಲ್ಲ.

"ಮದಾಂ, ನಾನು... ಇವತ್ತು... ನಿದ್ದೆ ಹೋಗಿಬಿಟ್ಟೆ."

"ಈ ವಯಸ್ಸಲ್ಲಿ ನಿದ್ದೆ ಬಂದ್ರೆ ಪುಣ್ಯ."

"ಒಲೆ ನಾನು ಹೊತ್ತಿಸ್ಲಿಲ್ಲ, ಮದಾಂ."

ಮದಾಂ ಪೆರೆಲ್ಸ್ ಕನ್ನಡಕ ತೆಗೆದರು. ಹಜಾರದಲ್ಲಿ ಚಹಾ ಕುಡಿಯುತ್ತಿದ್ದ ಹನ್ನೆರಡು ಜನರೂ ಬಟ್ಟಲು ಕೆಳಗಿಟ್ಟರು. "ಏಳನೇ ಪುಟ," ಎಂದರು ಮದಾಂ ಪೆರೆಲ್ಸ್ ನಿಧಾನವಾಗಿ. "ಪ್ರತಿದಿನವೂ. ಶನಿವಾರ ಹೊರತು. ಇವತ್ತು ಶನಿವಾರವೇ, ಮೊಸಿಯೆ?"

"ಅಲ್ಲ ಮದಾಂ. ಅದಕ್ಕೇ ಬಂದೆ. ಎಲ್ಲ ವಾಪಸ್ ಕೊಡಿ. ಮಧ್ಯಾಹ್ನದೊಳಗೆ ಬೇರೆ ಬರುತ್ತೆ. ನಾನೇ ನನ್ನ ಕೈಯಾರೆ ಈಗ ಹೊತ್ತಿಸಿ ಬಂದಿದೀನಿ."

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ಒಳಗೆ ಬಂದವರು ಪಿಕಾರ್, ಯಹೂದಿ ಪ್ರಾರ್ಥನಾಮಂದಿರವಾದ ಸಿನಗಾಗಿನ ಸಮಿತಿಯ ಅಧ್ಯಕ್ಷರು. ಊರಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಒರೆಸುವ ಬಟ್ಟೆಯೊಂದಿಗೆ ಪ್ರತ್ಯಕ್ಷರಾಗುವ ಮನುಷ್ಯ. ಒರೆಸುವ ಬದಲು ಇಡೀ ನೆಲಕ್ಕೆ ಹರಡಿ ಹೋಗುವುದು ಅವರ ಅಭ್ಯಾಸ.

"ಏನಯ್ಯಾ ಲಜಾರ್, ರಾತ್ರಿ ಅಂಗೀಲಿ ಓಡ್ತಿದ್ದೆಯಂತೆ? ಮೂರು ಜನ ಫೋನ್ ಮಾಡಿದ್ರು. ಒಬ್ಬರು ಫ್ಲೋರೆಟ್ ಮನೆ ಬಿಟ್ಟು ಹೋದ್ಲು ಅಂದ್ರು, ಇನ್ನೊಬ್ಬರು ನಿನಗೆ ತಲೆ ಕೆಟ್ಟಿದೆ ಅಂದ್ರು. ಯಾವುದು ನಿಜ?"

ವಿಷಯ ಕೇಳಿದ ಪಿಕಾರ್ ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ! ನಮ್ಮೂರಿನ ಮೂವತ್ತು ಯಹೂದಿ ಮನೆಯವರೂ ಶುಕ್ರವಾರದ ಬ್ರೆಡ್ಡು ಅಲ್ಲಿಂದ್ಲೇ ತರೋದು. ಈಗ್ಲೇ ಎಲ್ಲರಿಗೂ ತಿಳಿಸ್ತೀನಿ ಇರು!"

"ಬೇಡ ಪಿಕಾರ್, ಸದ್ದಿಲ್ಲದೆ..."

ಪಿಕಾರ್ ಆಗಲೇ ಫೋನ್ ಕಿವಿಗಿಟ್ಟುಕೊಂಡಿದ್ದರು.

ಕೋಣೆ ಕೋಣೆಗೆ ಹೋಗಿ ಬ್ರೆಡ್ಡು ವಸೂಲಿ ಮಾಡುವ ಹೊತ್ತಿಗೆ ಲಜಾರ್ ಅವರಿಗೆ ಸಾಕುಸಾಕಾಯಿತು. ಒಬ್ಬರು ಮುಟ್ಟಿದ ಕೈ ತೊಳೆದುಕೊಳ್ಳಬೇಕೇ ಎಂದು ಕೇಳಿದರು. ಒಬ್ಬ ಮುದುಕರು ಹಾಸಿಗೆಯ ಮೇಲೆ ಕೂತು, "ನಾನು ವಾಸನೆ ನೋಡಿಬಿಟ್ಟೆ. ವಾಸನೆಗೂ ದೋಷ ಉಂಟೋ?" ಎಂದು ಕಂಗಾಲಾಗಿ ಕೇಳಿದರು. ಎಣಿಸಿದರೆ ಮೂವತ್ತೆಂಟು. ಎರಡು ಕಡಿಮೆ.

"ನಾಲ್ಕು ಜನ ಹೆಂಗಸರು ದೋಣಿ ವಿಹಾರಕ್ಕೆ ಹೋದ್ರಲ್ಲ," ಎಂದರು ಯಾರೋ. "ಬಿಸಿ ಬಿಸಿ ಇದೆ ಅಂತ ಎರಡು ತಗೊಂಡೇ ಹೋದ್ರು."

ಲಜಾರ್ ಕಾಲುವೆಯ ದಂಡೆಯುದ್ದಕ್ಕೂ ಓಡಿದರು. ತಿರುವಿನಲ್ಲಿ ಚಪ್ಪಟೆ ದೋಣಿಯೊಂದು ಬಾತುಕೋಳಿಯ ಹಾಗೆ ಆರಾಮವಾಗಿ ತೇಲುತ್ತ ಬರುತ್ತಿತ್ತು. ನಾಲ್ವರು ಹೆಂಗಸರು, ಒಬ್ಬರ ಕೈಯಲ್ಲಿ ಬ್ರೆಡ್ಡು, ಇನ್ನೊಬ್ಬರು ಆಗ ತಾನೇ ಒಂದು ತುಂಡು ಮುರಿದು ಬಾಯಿಯ ಹತ್ತಿರ ಒಯ್ದಿದ್ದರು.

"ನುಂಗಬೇಡೀ!" ಎಂದು ಲಜಾರ್ ದಂಡೆಯಿಂದಲೇ ಕಿರುಚಿದರು.

ಕೇಳಿದವರಿಗೆ ವಿಷವೆಂದೇ ಅನ್ನಿಸಬೇಕು. ಆ ಹೆಂಗಸು ತುಂಡನ್ನು ನೀರಿಗೆಸೆದು ಎದೆ ಹಿಡಿದುಕೊಂಡರು. ಅಂಬಿಗ ದೋಣಿಯನ್ನು ದಡಕ್ಕೆ ತಂದ. ಬ್ರೆಡ್ಡು ತೆಗೆದುಕೊಳ್ಳಲು ಬಾಗಿದ ಲಜಾರ್ ಪಾಚಿಯ ಮೆಟ್ಟಿಲ ಮೇಲೆ ಜಾರಿ ಸೊಂಟದವರೆಗೆ ನೀರಲ್ಲಿ ನಿಂತರು. ಆದರೂ ಎರಡು ಬ್ರೆಡ್ಡನ್ನೂ ತಲೆಯ ಮೇಲೆ ಎತ್ತಿ ಹಿಡಿದಿದ್ದರು.

"ಪಾಪ, ಯಾರಿವರು?" ಎಂದರು ಒಬ್ಬಾಕೆ.

"ಒಂಬತ್ತು ಪುಟ ಬರೆದವ್ರು ಅನ್ಸುತ್ತೆ ಕಣೆ," ಎಂದರು ಇನ್ನೊಬ್ಬಾಕೆ. "ಮುಖ ನೋಡಿದ್ರೇ ಗೊತ್ತಾಗುತ್ತೆ."

ನಲವತ್ತೂ ಕೈಸೇರಿದವು. ಈಗ ಅವನ್ನು ಏನು ಮಾಡುವುದು? ಆಹಾರ ಎಸೆಯುವಂತಿಲ್ಲ. ಅದಕ್ಕೂ ಪಿಕಾರ್ ಬಳಿ ಉಪಾಯವಿತ್ತು. "ಇವತ್ತು ಅಗ್ನಿಶಾಮಕ ದಳದವರ ವರ್ಷದ ಊಟ. ಅವರಿಗೆ ಕೊಡು. ಯಾವ ಬೆಂಕೀದು ಅಂತ ಅವರು ಕೇಳೋದಿಲ್ಲ." ಇಪ್ಪತ್ತೆಂಟು ದಾಂಡಿಗರು ಯಹೂದಿಗಳು ಮುಟ್ಟದ ಕಪ್ಪೆಚಿಪ್ಪಿನ ಸಾರಿನಲ್ಲಿ ಅದ್ದಿ ಅದ್ದಿ, ಒಂದು ಗಂಟೆಯೊಳಗೆ ನಲವತ್ತನ್ನೂ ಮುಗಿಸಿ, ಲಜಾರ್ ಅವರ ಬೆನ್ನು ತಟ್ಟಿ ಕಳಿಸಿದರು.

ಒದ್ದೆ ಪ್ಯಾಂಟಿನಲ್ಲಿ ಬೇಕರಿಗೆ ವಾಪಸಾದರೆ ಅಲ್ಲಿ ಜಾತ್ರೆ ಸೇರಿತ್ತು. ಪಿಕಾರ್ ಫೋನಿನ ಪ್ರತಾಪ. ಬ್ರೆಡ್ಡು ಕೊಳ್ಳಲು ಸಾಲು ನಿಲ್ಲುವುದನ್ನು ಊರು ನೋಡಿತ್ತು. ವಾಪಸು ಕೊಡಲು ನಿಂತ ಸಾಲನ್ನು ಇವತ್ತೇ ನೋಡಿದ್ದು. ಗಲ್ಲಾದ ಮೇಲೆ ಜಡೆ ಬ್ರೆಡ್ಡಿನ ರಾಶಿ; ಅದನ್ನೂ ಪಿಕಾರ್ ಅಗ್ನಿಶಾಮಕ ದಳಕ್ಕೇ ಸಾಗಿಸುತ್ತಿದ್ದರು. ಮದಾಂ ಝೆಲರ್ ಕೈಕಟ್ಟಿ, ತುಟಿ ಬಿಗಿದು ನಿಂತಿದ್ದರು.

"ಇನ್ನೊಂದು ನಲವತ್ತು ಆಯ್ತಾ, ಮದಾಂ?" ಎಂದು ಲಜಾರ್ ಮೆಲ್ಲನೆ ಕೇಳಿದರು.

"ಆಯ್ತು. ನಿಮ್ಮಪ್ಪಣೆ ಪ್ರಕಾರ."

"ಬೇಜಾರಾಯ್ತೇನೋ..."

"ನನಗೇನು ಬೇಜಾರು? ನನಗೆ ಇದೆಲ್ಲ ಗೊತ್ತಾಗೋದಿಲ್ಲವಲ್ಲ."

ಎರಡು ಗಂಟೆಗೆ ಹೊಸ ಬ್ರೆಡ್ಡು ಹೋಟೆಲಿಗೆ ತಲುಪಿತು. ಲಜಾರ್ ತಾವೇ ಪ್ರತಿ ಕೋಣೆಗೆ ಹೋಗಿ ಕ್ಷಮೆ ಕೇಳಿ ಕೊಟ್ಟು ಬಂದರು. ಊರಿನ ಮೂವತ್ತು ಮನೆಗಳಿಗೂ ಹೊಸದೇ ಹೋಯಿತು. ಮದಾಂ ಪೆರೆಲ್ಸ್ ಕೂಡ ಕೊನೆಗೆ ಮೆತ್ತಗಾಗಿ, "ತಪ್ಪು ಒಪ್ಪಿಕೊಳ್ಳೋರು ಈಗಿನ ಕಾಲದಲ್ಲಿ ಕಡಿಮೆ. ನಿಮ್ಮ ಮಾತಿಗೆ ಬೆಲೆ ಇದೆ, ಮೊಸಿಯೆ," ಎಂದರು. ಲಜಾರ್ ಅವರಿಗೆ ಕಣ್ಣು ತುಂಬಿ ಬಂತು. ಬೆಳಗ್ಗಿನಿಂದ ಮೊದಲ ಸಲ ಅವರು ಕಿವಿ ಮುಟ್ಟಿ ನೋಡಿಕೊಂಡು, ಎಡಗಿವಿಯಲ್ಲೇ ಉಳಿದುಬಿಟ್ಟಿದ್ದ ಹತ್ತಿಯನ್ನು ತೆಗೆದು ಬಿಸಾಡಿದರು.

ಐದೂವರೆಗೆ ಸ್ಟ್ರಾಸ್‌ಬುರ್ಗಿನ ರೈಲಿನಿಂದ ಇಳಿದ ಊರಿನ ಯಹೂದಿ ಧರ್ಮಗುರು ರಬ್ಬಿ ಎಲ್ಬಾಜ್ ಅವರನ್ನು ಪಿಕಾರ್ ನಿಲ್ದಾಣದಲ್ಲೇ ಹಿಡಿದು ಪೂರ್ತಿ ಕತೆ ಹೇಳಿದರು. ರಬ್ಬಿ ಎಲ್ಬಾಜ್ ಕಿರಿಯ ವಯಸ್ಸಿನವರು, ಊರಿಗೆ ಬಂದು ಎರಡು ವರ್ಷವಾಗಿತ್ತು. ಕೇಳಿದ್ದನ್ನು ನಂಬುವ ಮುಂಚೆ ನೋಡಿ ಬರುವ ಸ್ವಭಾವ. ಹಾಗಾಗಿ ಆರು ಗಂಟೆಗೆ ಬೇಕರಿಯ ಒಲೆಯ ಮುಂದೆ ರಬ್ಬಿ, ಪಿಕಾರ್, ಲಜಾರ್, ಅವರನ್ನು ಹುಡುಕಿಕೊಂಡು ಬಂದ ಫ್ಲೋರೆಟ್, ಎಲ್ಲದಕ್ಕೂ ಸಾಕ್ಷಿಯಾಗಿ ಮದಾಂ ಪೆರೆಲ್ಸ್ ಸೇರಿದ್ದರು. ಶಬ್ಬಾತ್‌ಗೆ ಇನ್ನು ಎರಡೂವರೆ ಗಂಟೆ; ಸೂರ್ಯ ಮುಳುಗುವ ಹೊತ್ತಿಗೆ ಅದು ಶುರು, ಆಮೇಲೆ ಬೆಂಕಿ ಮುಟ್ಟುವಂತಿಲ್ಲ.

"ಮದಾಂ ಝೆಲರ್," ಎಂದರು ರಬ್ಬಿ, "ಇವತ್ತು ಬೆಳಿಗ್ಗೆ ಒಲೆ ಹೊತ್ತಿಸಿದ್ದು ಯಾರು?"

"ಯಾರೂ ಇಲ್ಲ, ಸ್ವಾಮಿ."

"ಅಂದ್ರೆ?"

"ಆರಿದ್ರೆ ತಾನೆ ಹೊತ್ತಿಸೋದು? ಈ ಒಲೆ ಆರೋದೇ ಇಲ್ಲ. ರಾತ್ರಿ ಉರಿ ಸಣ್ಣ ಮಾಡ್ತೀನಿ, ಬೆಳಿಗ್ಗೆ ದೊಡ್ಡದು ಮಾಡ್ತೀನಿ. ಒಲೆ ತಣ್ಣಗಾದ್ರೆ ಬ್ರೆಡ್ಡು ಮುನಿಸಿಕೊಳ್ಳುತ್ತೆ ಅಂತಿದ್ರು ನಮ್ಮ ಯಜಮಾನ್ರು. ಪ್ರತಿ ಆಗಸ್ಟಲ್ಲಿ ಎರಡು ವಾರ ಅಂಗಡಿ ಮುಚ್ಚಿದಾಗ ಮಾತ್ರ ಆರಿಸೋದು. ಮತ್ತೆ ತೆಗೆಯೋ ದಿನ ಮೊಸಿಯೆ ವೊರ್ಮ್ಸರ್ ಅವರೇ ಬಂದು ಆ ಕರಿ ಹಿಡಿಕೆ ಮೇಲೆತ್ತಿ, ಕಡ್ಡಿ ಗೀರಿ ಹೊತ್ತಿಸ್ತಾರೆ."

ಲಜಾರ್ ತೊದಲಿದರು. "ಅದು... ಅದು ವರ್ಷದ ಶಾಸ್ತ್ರ ಅಂದ್ಕೊಂಡಿದ್ದೆ. ದಿನಾ ನಾನು ಹಸಿರು ಗುಂಡಿ ಒತ್ತೋದು?"

ಮದಾಂ ಝೆಲರ್ ಫ್ಲೋರೆಟ್ ಕಡೆ ನೋಡಿದರು. ಫ್ಲೋರೆಟ್ ಚಾವಣಿಯ ಕಡೆ ನೋಡಿದರು.

"ಅದು ದೀಪದ ಗುಂಡಿ," ಎಂದರು ಮದಾಂ ಝೆಲರ್. "ಒಳಗಡೆ ಬಲ್ಬಿದು. ಬಹಳ ಉಪಕಾರ ಆಗ್ತಿತ್ತು, ಬ್ರೆಡ್ಡು ಕೆಂಪಾಗಿದ್ಯೋ ಇಲ್ವೋ ಕಾಣ್ತಿತ್ತು."

"ಹನ್ನೊಂದು ವರ್ಷದಿಂದ ನಾನು ಬಲ್ಬು ಹಚ್ತಾ ಇದೀನಾ?"

"ಹೇಳೋಣ ಅಂತಿದ್ದೆ. ನಿಮ್ಮ ಮನೆಯವ್ರೇ ಬೇಡ ಅಂದ್ರು. ಕನ್ನಡಕದಂಗಡಿ ಮುಚ್ಚಿದ ಮೇಲೆ ಬೆಳಗಿನ ಜಾವಕ್ಕೇ ಎದ್ದು ಅಡಿಗೆಮನೆ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸ್ತಾ ಕೂರ್ತಾರೆ, ಆ ಹೊತ್ತಲ್ಲಿ ಸ್ವಲ್ಪ ಹೊರಗೆ ಇದ್ರೆ ಒಳ್ಳೇದು ಅಂತ."

"ರೀ, ನಾನು ಹಾಗಂದಿದ್ದು ಮೊದಲನೇ ವರ್ಷ," ಎಂದರು ಫ್ಲೋರೆಟ್.

ರಬ್ಬಿ ಎಲ್ಬಾಜ್ ಗಡ್ಡ ಸವರಿಕೊಂಡು ಮುಗುಳ್ನಕ್ಕರು. "ಹಾಗಾದ್ರೆ ಚಿಂತೆಯೇ ಇಲ್ಲ. ಯಹೂದಿ ಹೊತ್ತಿಸಿದ ಬೆಂಕಿ ಆರದೇ ಇದ್ರೆ ಅದು ಹಾಗೇ ನಡೆಯುತ್ತೆ. ಬೆಳಗಿನ ಬ್ರೆಡ್ಡು ನೂರಕ್ಕೆ ನೂರು ಸರಿಯಾದ್ದೇ. ಈ ಹನ್ನೊಂದು ವರ್ಷದಲ್ಲಿ ಬೇಯಿಸಿದ್ದೆಲ್ಲ ಸರಿಯಾದ್ದೇ."

ಎಲ್ಲರೂ ಉಸಿರು ಬಿಟ್ಟರು. ಪಿಕಾರ್ ಚಪ್ಪಾಳೆಯನ್ನೇ ತಟ್ಟಿದರು. ಮದಾಂ ಝೆಲರ್ ಮಾತ್ರ ಹಾಗೇ ನಿಂತಿದ್ದರು.

"ಮುಗಿದಿಲ್ಲ, ಸ್ವಾಮಿ," ಎಂದರು. "ಇವತ್ತು ಏಳು ಗಂಟೆಗೆ ಆರಿತು. ಇವರೇ ಬಂದು ಹಿಡಿಕೆ ಎಳೆದು ಆರಿಸಿ, ಬಲ್ಬು ಹಚ್ಚಿ, ಓಡಿಹೋದ್ರು. ನನಗೆ ಗೊತ್ತೇ ಆಗ್ಲಿಲ್ಲ. ಹಿಟ್ಟು ಉಬ್ಬಿದ ಮೇಲೆ ಬಾಗಿಲು ತೆಗೆದು ನೋಡಿದ್ರೆ ಒಳಗೆ ಬೆಳಕಿದೆ, ಬೆಂಕಿ ಇಲ್ಲ."

"ಆಮೇಲೆ?" ಎಂದರು ರಬ್ಬಿ. ಮುಗುಳ್ನಗೆ ನಿಧಾನವಾಗಿ ಇಳಿಯುತ್ತಿತ್ತು.

"ಆಮೇಲೇನು? ನಲವತ್ತು ಬೇಯಿಸು ಅಂತ ಅಪ್ಪಣೆಯಾಗಿತ್ತು. ನಾನೇ ಕಡ್ಡಿ ಗೀರಿ ಹೊತ್ತಿಸ್ದೆ."

ಮದಾಂ ಪೆರೆಲ್ಸ್ ಮುಖ್ಯೋಪಾಧ್ಯಾಯಿನಿಯ ಧ್ವನಿಯಲ್ಲಿ ಲೆಕ್ಕ ಬಿಡಿಸಿದರು. "ಅಂದರೆ ಮೊಸಿಯೆ, ಬೆಳಿಗ್ಗೆ ನಮ್ಮ ಹತ್ತಿರ ಇದ್ದದ್ದು ಸರಿಯಾದ ಬ್ರೆಡ್ಡು. ಅದನ್ನ ನೀವು ಕೋಣೆ ಕೋಣೆಗೆ ಬಂದು ಕಿತ್ಕೊಂಡ್ರಿ. ಈಗ ನಮ್ಮ ಹತ್ತಿರ ಇರೋದು ಹನ್ನೊಂದು ವರ್ಷದಲ್ಲಿ ಈ ಬೇಕರಿಯಿಂದ ಬಂದ ಒಂದೇ ಒಂದು ತಪ್ಪು ಬ್ರೆಡ್ಡು. ಅದನ್ನ ನೀವು ಕ್ಷಮೆ ಕೇಳಿ ಕೊಟ್ರಿ. ಸರಿಯಾದದ್ದು ಎಲ್ಲಿದೆ?"

"ಕಪ್ಪೆಚಿಪ್ಪಿನ ಜೊತೆ," ಎಂದರು ಪಿಕಾರ್, ನೆಲ ನೋಡುತ್ತ. "ಅಗ್ನಿಶಾಮಕ ದಳದಲ್ಲಿ."

"ಬೇಕರಿಯ ಬ್ರೆಡ್ಡಿನಲ್ಲಿ ಸ್ವಲ್ಪ ಸಡಿಲಿಕೆ ಉಂಟು, ದೊಡ್ಡವರೇ ಹೇಳಿದ್ದಾರೆ..." ಎಂದು ರಬ್ಬಿ ಸಮಾಧಾನ ಶುರುಮಾಡಿದರು.

"ಸಡಿಲಿಕೆ ಬೇಕಿದ್ರೆ ಆಂಟ್‌ವರ್ಪ್‌ನಲ್ಲೇ ಇರ್ತಿದ್ವಿ," ಎಂದರು ಮದಾಂ ಪೆರೆಲ್ಸ್.

ಹೊಸದಾಗಿ ನಲವತ್ತು ಬ್ರೆಡ್ಡಿನ ಹಿಟ್ಟು ಕಲಸಿ ಉಬ್ಬಿಸಿ ಬೇಯಿಸಿ ಹಂಚುವಷ್ಟು ಹೊತ್ತಿರಲಿಲ್ಲ. ಕೊನೆಗೆ ಸಿನಗಾಗಿನ ನೆಲಮಾಳಿಗೆಯಿಂದ, ಮೂರು ವಾರದ ಹಿಂದಿನ ಪಾಸ್ಕ ಹಬ್ಬದಲ್ಲಿ ಉಳಿದಿದ್ದ ಹುಳಿಯಿಲ್ಲದ ಒಣ ರೊಟ್ಟಿಯ ಡಬ್ಬಗಳನ್ನು ಲಜಾರ್ ತಲೆಯ ಮೇಲೆ ಹೊತ್ತು ತಂದರು. ಎಂಟು ದಿನ ಅದನ್ನೇ ತಿಂದು, ಇನ್ನೊಂದು ವರ್ಷ ಇದರ ಮುಖ ನೋಡುವುದಿಲ್ಲ ಎಂದು ಶಪಥ ಮಾಡಿದ್ದ ಮೂವತ್ತಾರು ಜನ ಡಬ್ಬಗಳನ್ನೂ ಲಜಾರ್ ಅವರನ್ನೂ ಒಂದೇ ದೃಷ್ಟಿಯಿಂದ ನೋಡಿದರು.

ಆದರೆ ಬೇಕರಿಯಿಂದ ಹೊರಡುವ ಮುಂಚೆ ರಬ್ಬಿ ಒಂದು ಸಮಾಧಾನದ ಮಾತು ಹೇಳಿದ್ದರು. "ಭಾನುವಾರ ಬೆಳಿಗ್ಗೆ ಬಂದು ಒಂದೇ ಸಲ ಸರಿಯಾಗಿ ಹೊತ್ತಿಸಿಬಿಡಿ, ಲಜಾರ್ ಅವರೇ. ಆಮೇಲೆ ಆಗಸ್ಟ್‌ವರೆಗೆ ನೀವು ಬರಬೇಕಾದ್ದೇ ಇಲ್ಲ. ಹಾಯಾಗಿ ಮಲಗಿ."

ಹನ್ನೊಂದು ವರ್ಷದ ಚಳಿ, ಮಳೆ, ಸೊಂಟನೋವು ಎಲ್ಲ ಲಜಾರ್ ಅವರ ಮೈಯಿಂದ ಒಮ್ಮೆಗೇ ಇಳಿದ ಹಾಗಾಯಿತು. ಪಕ್ಕದಲ್ಲಿ ಫ್ಲೋರೆಟ್ ಮುಖ ಮಾತ್ರ ಸ್ವಲ್ಪ ಬಾಡಿತು.

"ಅದಾಗಲ್ಲ, ಸ್ವಾಮಿ," ಎಂದರು ಮದಾಂ ಝೆಲರ್.

"ಯಾಕೆ?"

"ಇವತ್ತು ಎರಡು ಗಂಟೆ ಹೊತ್ತು ಒಲೆ ಆರಿತ್ತಲ್ಲ? ಒಂದ್ನಿಮಿಷ ಅಂತ ಮೇಲೆ ಹೋಗಿ ಒರಗಿದೆ. ಕೋಣೆ ತಂಪಾಗಿತ್ತು. ಯಜಮಾನ್ರು ಹೋದ ಮೇಲೆ ಅಂಥ ನಿದ್ದೆ ನಾನು ಮಾಡೇ ಇಲ್ಲ. ಬ್ರೆಡ್ಡೂ ಮುನಿಸಿಕೊಳ್ಳಲಿಲ್ಲ, ಚೆನ್ನಾಗೇ ಉಬ್ಬಿತ್ತು. ಇನ್ನು ದಿನಾ ರಾತ್ರಿ ಆರಿಸಿಬಿಡ್ತೀನಿ." ಲಜಾರ್ ಕಡೆ ತಿರುಗಿ, ಬೆಳಗ್ಗಿನಿಂದ ಮೊದಲ ಸಲ ಅವರು ಮನಸಾರೆ ನಕ್ಕರು. "ಇನ್ಮೇಲೆ ನೀವು ಬರದಿದ್ರೆ ನಿಜವಾಗ್ಲೂ ನಡೆಯೋಲ್ಲ, ಮೊಸಿಯೆ ವೊರ್ಮ್ಸರ್. ನಾಲ್ಕೂವರೆ ಬೇಡ, ನಾಲ್ಕಕ್ಕೇ ಬಂದುಬಿಡಿ. ತಣ್ಣಗಾದ ಒಲೆ ಕಾಯೋಕೆ ಅರ್ಧ ಗಂಟೆ ಜಾಸ್ತಿ ಬೇಕು."

"ಅಯ್ಯೋ ಪಾಪ," ಎಂದರು ಫ್ಲೋರೆಟ್. "ಹಾಗಾದ್ರೆ ಮೂರೂವರೆಗೇ ಏಳ್ಬೇಕಾಗುತ್ತಲ್ಲ ಇವ್ರು!"

ಮಾತಿನಲ್ಲಿ ಬಹಳ ಮರುಕವಿತ್ತು. ಮುಖ ಮಾತ್ರ ಶಬ್ಬಾತ್ ದೀಪದ ಹಾಗೆ ಬೆಳಗುತ್ತಿತ್ತು.